ಕೌಂಟಿ ಆಫೀಸಿಗೆ ಹೋಗಿ ಏನಂತ ಕೇಳಬೇಕು? (ನಾರ್ತ್ ಕ್ಯಾರೊಲೈನಾ, 22 ಎಕರೆ)

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನಾವು ಗಂಡ ಹೆಂಡತಿ ಇಬ್ಬರೂ ರಾಲಿ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ, ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಹೋದ ವರ್ಷ ವರ್ಜೀನಿಯಾ ಗಡಿ ಕಡೆಯ ಒಂದು ಕೌಂಟಿಯಲ್ಲಿ 22 ಎಕರೆ ತೆಗೆದುಕೊಂಡೆವು. ಹಳೇ ಹೊಗೆಸೊಪ್ಪಿನ ಜಮೀನು. ನಮ್ಮ ಪಿರಿಯಾಪಟ್ಟಣದ ಕಡೆ ಬೆಳೀತಾರಲ್ಲ, ಅದೇ ವರ್ಜೀನಿಯಾ ಜಾತಿ. ಮೂಲೆಯಲ್ಲಿ ಹೊಗೆಸೊಪ್ಪು ಒಣಗಿಸೋ ಮರದ ಬ್ಯಾರನ್ ಒಂದು ಇನ್ನೂ ನಿಂತಿದೆ. 2004ರಲ್ಲಿ ಸರ್ಕಾರ ಯಾರು ಎಷ್ಟು ಹೊಗೆಸೊಪ್ಪು ಬೆಳೀಬಹುದು ಅನ್ನೋ ಕೋಟಾ ಪದ್ಧತಿ ತೆಗೆದುಹಾಕಿದ ಮೇಲೆ ಹಳೇ ಮಾಲೀಕರು ಬೆಳೆ ಬಿಟ್ಟು ಹುಲ್ಲು ಬೆಳೆಯೋಕೆ ಬಿಟ್ಟರಂತೆ.

ಜಮೀನಿನ ಸ್ಥಿತಿ ಹೀಗಿದೆ. ಇಳಿಜಾರಿನಲ್ಲಿ ಒಂದು ಕೊರಕಲು ಬಿದ್ದಿದೆ, ಪ್ರತಿ ಮಳೆಗೂ ದೊಡ್ಡದಾಗುತ್ತಿದೆ. ಕಾಡಿನ ಅಂಚಿಗೆ ಗಿಡಮರ ಎಲ್ಲಾ ಮುಚ್ಚಿಬಿಡೋ ಕುಡ್ಜು ಬಳ್ಳಿ ಹಬ್ಬಿದೆ. ಒಂದು ಹೊಂಡ ಇದೆ, ಏರಿ ಕೆಳಗಿಂದ ನೀರು ಸೋರುತ್ತೆ. ತೊರೆ ಪಕ್ಕ ಒಂದೆರಡು ಎಕರೆ ಜವುಗು. ನಮ್ಮ ಆಸೆ ಏನಂದ್ರೆ ಪ್ಲಾಸ್ಟಿಕ್ ಮನೆಯಲ್ಲಿ ಬದನೆ, ಬೆಂಡೆ, ಹೀರೆ, ಅವರೆ ಬೆಳೆದು ಇಂಡಿಯನ್ ಅಂಗಡಿಗಳಿಗೆ ಕೊಡೋದು, ಜೊತೆಗೆ ಒಂದಷ್ಟು ಮೇಕೆ.

ಸರ್ಕಾರದಿಂದ ಮಣ್ಣು ನೀರು ಉಳಿಸೋ ಕೆಲಸಕ್ಕೆ ಸಹಾಯಧನ ಇದೆ, ರೈತರಿಗೆ ಸಾಲ ಇದೆ ಅಂತ ಕೇಳಿದ್ದೇವೆ. ವೆಬ್‌ಸೈಟ್ ನೋಡಿದರೆ ಎಲ್ಲಾ ಮೂರಕ್ಷರ, ನಾಲ್ಕಕ್ಷರದ ಹೆಸರುಗಳು. ತಲೆಬುಡ ಅರ್ಥವಾಗಲಿಲ್ಲ. ಯಾವ ಯೋಜನೆಗೆ ಅರ್ಜಿ ಹಾಕೋದು? ಯಾವ ಆಫೀಸಿಗೆ ಮೊದಲು ಹೋಗೋದು? ಹೋಗಿ ಏನಂತ ಕೇಳೋದು?

ಸುಮ್ನೆ_ಓದುಗ

ಎರಡೆರಡು ಸಂಬಳ ಬರೋರಿಗೆ ಸಬ್ಸಿಡಿ ಯಾಕೆ ಅಂತ ಬೇರೆ ಯಾರಾದ್ರೂ ಕೇಳೋ ಮುಂಚೆ ನಾನೇ ಕೇಳಿಬಿಡ್ತೀನಿ :)

ಹೊಲದಬದು

ಸಂಬಳ ಮನುಷ್ಯನದು, ಕೊರಕಲು ಜಮೀನಿನದು. ಅಲ್ಲಿಂದ ಕೊಚ್ಚಿಹೋದ ಮಣ್ಣು ತೊರೆಗೆ ಸೇರಿ ಕೆಳಗಿನ ಊರಿನ ಕುಡಿಯೋ ನೀರಿಗೆ ಹೋಗುತ್ತೆ. ಅದಕ್ಕೇ ಸರ್ಕಾರ ದುಡ್ಡು ಕೊಡೋದು. ಆದಾಯಕ್ಕೆ ಮಿತಿ ಇದೆ: ಮೂರು ವರ್ಷದ ಸರಾಸರಿ 9,00,000 ಡಾಲರ್. ಅಷ್ಟು ದುಡಿಯೋರು ಇಲ್ಲಿ ಬಂದು ಪ್ರಶ್ನೆ ಕೇಳಲ್ಲ ಬಿಡಿ.

ಕೆಂಪುಮಣ್ಣು ಅವರೇ, ನಾನು ಗ್ರೀನ್ಸ್‌ಬರೋ ಕಡೆ ಮೇಕೆ ಮತ್ತು ತರಕಾರಿ ಮಾಡುತ್ತೇನೆ. ನಿಮ್ಮ ಕೊನೇ ಪ್ರಶ್ನೆಯೇ ಮುಖ್ಯವಾದದ್ದು. ಯೋಜನೆ ಹೆಸರು ಹಿಡಿದು ಹೋಗಬೇಡಿ. ಮಣ್ಣು ನೀರಿನ ಕೆಲಸಕ್ಕೆ ಕೇಂದ್ರ ಕೊಡೋ ಸಹಾಯಧನದ ಹೆಸರು ಇಕ್ವಿಪ್. "ಇಕ್ವಿಪ್ ಇದೆಯಾ?" ಅಂತ ಕೇಳಿದರೆ "ಇದೆ, ಈ ಅರ್ಜಿ ತುಂಬಿ" ಅಂತಾರೆ, ಅಲ್ಲಿಗೆ ಮುಗೀತು. ಬದಲಿಗೆ ನೀವು ಇಲ್ಲಿ ಬರೆದ ಎರಡನೇ ಪ್ಯಾರಾನೇ ಅಲ್ಲಿ ಹೇಳಿ. ಕೊರಕಲು, ಕುಡ್ಜು, ಸೋರುವ ಹೊಂಡ, ಜವುಗು. "ಬಂದು ಜಮೀನು ನೋಡ್ತೀರಾ?" ಅಂತ ಕೇಳಿ. ನೋಡೋಕೆ ಬರೋದು ಪುಕ್ಕಟೆ, ಪ್ಲಾನ್ ಬರೆದುಕೊಡೋದೂ ಪುಕ್ಕಟೆ. ಯಾವ ಯೋಜನೆಯಲ್ಲಿ ಯಾವುದು ಕೂರುತ್ತೆ ಅಂತ ಹೊಂದಿಸೋದು ಅವರ ಕೆಲಸ.

ಆಫೀಸಿನ ವಿಷಯ. ಹೆಚ್ಚಿನ ಗ್ರಾಮೀಣ ಕೌಂಟಿಗಳಲ್ಲಿ ಅಥವಾ ಪಕ್ಕದ ಕೌಂಟಿಯಲ್ಲಿ "ಯುಎಸ್‌ಡಿಎ ಸರ್ವಿಸ್ ಸೆಂಟರ್" ಅಂತ ಕೇಂದ್ರ ಕೃಷಿ ಇಲಾಖೆಯ ಒಂದು ಕಟ್ಟಡ ಇರುತ್ತೆ. ಫಾರ್ಮರ್ಸ್ ಡಾಟ್ ಗವ್ ತಾಣದಲ್ಲಿ ಕೌಂಟಿ ಹೆಸರು ಹಾಕಿದರೆ ವಿಳಾಸ ಬರುತ್ತೆ. ಒಂದೇ ಬಾಗಿಲು, ಒಳಗೆ ಬೇರೆ ಬೇರೆ ಮೇಜು. ಎಫ್‌ಎಸ್‌ಎ ಅಂದರೆ ಸಾಲ, ಬೆಳೆ ನಷ್ಟದ ಪರಿಹಾರ, ದಾಖಲೆ. ಎನ್‌ಆರ್‌ಸಿಎಸ್ ಅಂದರೆ ಮಣ್ಣು, ನೀರು, ಕಾಡು. ಇವರಿಬ್ಬರ ಪಕ್ಕದಲ್ಲೇ ಎಷ್ಟೋ ಕಡೆ ಕೌಂಟಿಯ ಸಾಯಿಲ್ ಅಂಡ್ ವಾಟರ್ ಡಿಸ್ಟ್ರಿಕ್ಟ್‌ನವರೂ ಕೂತಿರ್ತಾರೆ, ಅಂದರೆ ಮಣ್ಣು ನೀರು ಉಳಿಸೋ ಸ್ಥಳೀಯ ಸಂಸ್ಥೆಯವರು.

ನಿಮ್ಮ ಮನಸ್ಸಿನಲ್ಲಿರೋದು ಮಣ್ಣಿನ ಕೆಲಸ, ಆದರೂ ಮೊದಲು ಹೋಗಬೇಕಾದ್ದು ಎಫ್‌ಎಸ್‌ಎ ಮೇಜಿಗೆ. ಅಲ್ಲಿ ಫಾರ್ಮ್ ನಂಬರ್, ಅಂದರೆ ಜಮೀನಿಗೆ ಅವರ ದಾಖಲೆಯ ನಂಬರ್, ಮಾಡಿಸಬೇಕು. ಅದಿಲ್ಲದೆ ಎನ್‌ಆರ್‌ಸಿಎಸ್‌ನವರು ಒಂದು ಹೆಜ್ಜೆ ಮುಂದೆ ಹೋಗೋಕಾಗಲ್ಲ. ಕ್ರಯಪತ್ರದ ನಕಲು, ಗುರುತಿನ ಚೀಟಿ, ಸೋಷಿಯಲ್ ಸೆಕ್ಯುರಿಟಿ ನಂಬರ್, ಎಲ್‌ಎಲ್‌ಸಿ ಹೆಸರಲ್ಲಿದ್ದರೆ ಅದರ ಕಾಗದಗಳು ಒಯ್ಯಿರಿ. ಹಳೇ ಹೊಗೆಸೊಪ್ಪಿನ ಜಮೀನಾದ್ದರಿಂದ ಅದಕ್ಕೆ ಆಗಲೇ ಒಂದು ನಂಬರ್ ಇರೋ ಸಾಧ್ಯತೆ ಜಾಸ್ತಿ. ನೀವು ಕೊಂಡದ್ದು ದೊಡ್ಡ ಜಮೀನಿನ ಒಂದು ತುಂಡಾಗಿದ್ದರೆ ಅದನ್ನು ದಾಖಲೆಯಲ್ಲಿ ಒಡೆಯಬೇಕು, ಅದಕ್ಕೆ "ರೀಕಾನ್" ಅಂತಾರೆ. ಊರಲ್ಲಿ ಪೋಡಿ ಮಾಡಿಸಿದ ಹಾಗೆಯೇ, ಇಲ್ಲೂ ಅದಕ್ಕೆ ಸಮಯ ಹಿಡಿಯುತ್ತೆ. ಹಾಗಾಗಿ ಚಳಿಗಾಲ ಬರೋ ಮುಂಚೆ ಶುರುಮಾಡಿ.

ಅದೇ ಮೇಜಿನಲ್ಲಿ ಎರಡು ಫಾರಂ ಸಹಿ ಹಾಕಿಸ್ತಾರೆ. ಸಿಸಿಸಿ-941 ಆದಾಯದ್ದು. ಎಡಿ-1026 ಮಣ್ಣು ಮತ್ತು ಜವುಗಿನದ್ದು. ಎರಡನೆಯದನ್ನು ಓದಿ ಸಹಿ ಹಾಕಿ, ಸುಮ್ನೆ ಹಾಕಬೇಡಿ.

ಇನ್ನೊಂದು ಮಾತು, ಇದನ್ನು ಗೋಡೆಗೆ ಅಂಟಿಸಿಕೊಳ್ಳಿ: ಒಪ್ಪಂದಕ್ಕೆ ಸಹಿ ಬೀಳೋ ಮುಂಚೆ ಕೆಲಸ ಶುರು ಮಾಡಬೇಡಿ. ಇಕ್ವಿಪ್‌ನಲ್ಲಿ ಆಗಲೇ ಶುರುವಾದ ಕೆಲಸಕ್ಕೆ ದುಡ್ಡು ಇಲ್ಲ. ನಮ್ಮ ಪಕ್ಕದ ಜಮೀನಿನವರು ಅರ್ಜಿ ಕೊಟ್ಟಾಗಿದೆ ಅಂತ ಧೈರ್ಯವಾಗಿ ಬೇಲಿ ಹಾಕಿಸಿದರು. ಅಧಿಕಾರಿ ನೋಡೋಕೆ ಬಂದಾಗ ಹೊಸ ತಂತಿ ಫಳಫಳ ಹೊಳೀತಿತ್ತು. ಪೂರ್ತಿ ಖರ್ಚು ಅವರ ಕೈಯಿಂದಲೇ ಹೋಯಿತು.

ಕೆಂಪುಮಣ್ಣು

ತುಂಬಾ ಧನ್ಯವಾದ ಅಣ್ಣಾ. ಒಳ್ಳೇ ಹೊತ್ತಿಗೆ ಹೇಳಿದಿರಿ. ಮುಂದಿನ ತಿಂಗಳು ಜೆಸಿಬಿ ತರಿಸಿ ಜವುಗಿನಲ್ಲಿ ಕಾಲುವೆ ತೋಡಿಸಿ ನೀರು ಬಸಿಯೋಣ ಅಂತ ಮಾತಾಡಿಟ್ಟಿದ್ದೆವು. ಅದು ನಮ್ಮ ಖರ್ಚಲ್ಲೇ ಮಾಡ್ತಿರೋದು, ಸಬ್ಸಿಡಿ ಕೇಳ್ತಿಲ್ಲ. ಅದಕ್ಕೇನೂ ತೊಂದರೆ ಇಲ್ಲ ತಾನೆ?

ಹೊಲದಬದು

ನಿಲ್ಲಿಸಿ! ಜೆಸಿಬಿಯವನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ.

ಎಡಿ-1026 ಓದಿ ಅಂದದ್ದು ಇದಕ್ಕೇ. 1985ರ ಫಾರ್ಮ್ ಬಿಲ್‌ನಿಂದ ಒಂದು ನಿಯಮ ಇದೆ, ಜನ "ಸ್ವಾಂಪ್‌ಬಸ್ಟರ್" ಅಂತಾರೆ. ಜವುಗನ್ನು ಬಸಿದು ಬೆಳೆ ಇಡೋ ಜಮೀನು ಮಾಡಿಕೊಂಡರೆ ಆ ಜವುಗಿಗೆ ಮಾತ್ರ ಅಲ್ಲ, ನಿಮ್ಮ ಎಲ್ಲಾ ಜಮೀನಿಗೂ ಯುಎಸ್‌ಡಿಎ ಸವಲತ್ತು ನಿಂತುಹೋಗುತ್ತೆ. ಸಾಲವೂ ಇಲ್ಲ, ಸಹಾಯಧನವೂ ಇಲ್ಲ. ಕಡಿದಾದ, ಮಣ್ಣು ಸವೆಯೋ ಜಮೀನನ್ನು ಪ್ಲಾನ್ ಇಲ್ಲದೆ ಉತ್ತರೂ ಹೀಗೇ. ಇದರ ಮೇಲೆ ನೀರಿನ ಕಾನೂನು ಬೇರೆ ಇದೆ.

ಮೊದಲು ಎನ್‌ಆರ್‌ಸಿಎಸ್‌ನವರಿಂದ ಜವುಗು ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು ಹಾಕಿಸಿಕೊಳ್ಳಿ. ಆಮೇಲೆ ಅದನ್ನು ಹಾಗೇ ಬಿಡೋದೋ, ಸುತ್ತ ಮರ ಹಾಕೋದೋ ಯೋಚನೆ ಮಾಡಿದರಾಯಿತು. ಮೇಕೆ ಅಂತೂ ಅಲ್ಲಿಗೆ ಬಿಡಬೇಡಿ, ಕಾಲು ಕೊಳೆಯುತ್ತೆ.

ಮಿಸೌರಿ_ಮಾವ

ಬದು ಅವರು ಡಿಸ್ಟ್ರಿಕ್ಟ್ ಮೇಜನ್ನು ಒಂದೇ ಸಾಲಲ್ಲಿ ಮುಗಿಸಿದರು. ನನ್ನ ಪ್ರಕಾರ ಚಿಕ್ಕ ಹಿಡುವಳಿದಾರರು ಮೊದಲು ಮಾತಾಡಬೇಕಾದ್ದು ಅವರ ಹತ್ತಿರವೇ. ಅವರು ಸ್ಥಳೀಯರು. ಕೇಂದ್ರದ ಆಫೀಸಿನಲ್ಲಿ ಜನ ಬದಲಾಗ್ತಾ ಇರ್ತಾರೆ, ಡಿಸ್ಟ್ರಿಕ್ಟ್‌ನವರು ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿರ್ತಾರೆ. ನಿಮ್ಮ ಜಮೀನಿನಲ್ಲಿ ಹಿಂದೆ ಯಾರು ಏನು ಮಾಡಿದ್ದರು ಅಂತ ಅವರಿಗೆ ಬಾಯಲ್ಲೇ ಇರುತ್ತೆ.

ನಮ್ಮ ಮಿಸೌರಿಯಲ್ಲಿ ಇದಕ್ಕೆ ಅಂತಲೇ ಸೇಲ್ಸ್ ಟ್ಯಾಕ್ಸ್ ಇದೆ. ಸಾವಿರ ಡಾಲರ್ ವ್ಯಾಪಾರಕ್ಕೆ ಒಂದು ಡಾಲರ್, ಅದು ಉದ್ಯಾನಗಳಿಗೆ ಮತ್ತು ಮಣ್ಣು ನೀರಿಗೆ ಹಂಚಿಹೋಗುತ್ತೆ. 1984ರಲ್ಲಿ ಜನ ಓಟು ಹಾಕಿ ತಂದದ್ದು, 2016ರಲ್ಲೂ ಓಟು ಹಾಕಿ ಮುಂದುವರೆಸಿದರು. 114 ಕೌಂಟಿಗೂ ಡಿಸ್ಟ್ರಿಕ್ಟ್ ಇದೆ. ಹಾಗಾಗಿ ಇಲ್ಲಿ ಕೇಂದ್ರದ ದುಡ್ಡು ತಡವಾದರೂ ರಾಜ್ಯದ ದುಡ್ಡು ಇರುತ್ತೆ.

ಆದರೆ ಈ ಡಿಸ್ಟ್ರಿಕ್ಟ್ ಅನ್ನೋದು ಹುಟ್ಟಿದ್ದು ನಿಮ್ಮ ನಾರ್ತ್ ಕ್ಯಾರೊಲೈನಾದಲ್ಲೇ. ದೇಶದ ಮೊದಲ ಡಿಸ್ಟ್ರಿಕ್ಟ್ ಆನ್ಸನ್ ಕೌಂಟಿಯ ಬ್ರೌನ್ ಕ್ರೀಕ್, 1937. ಮಣ್ಣು ಉಳಿಸೋ ಇಲಾಖೆ ಕಟ್ಟಿದ ಹ್ಯೂ ಹ್ಯಾಮಂಡ್ ಬೆನೆಟ್ ಆ ಕೌಂಟಿಯವರು. ಹತ್ತಿ, ಹೊಗೆಸೊಪ್ಪು ಬೆಳೆದೂ ಬೆಳೆದೂ ಆ ಇಳಿಜಾರು ಸೀಮೆಯಲ್ಲಿ ಸರಾಸರಿ 7 ಇಂಚು ಮೇಲ್ಮಣ್ಣು ಹೋಗಿದೆ ಅಂತ ಲೆಕ್ಕ ಹಾಕಿದ್ದಾರೆ. ನಿಮ್ಮಲ್ಲಿ ಕೆಂಪು ಮಣ್ಣು ಮೇಲೇ ಕಾಣೋದು ಅದಕ್ಕೇ. ಅದು ಕೆಳಗಿರಬೇಕಾಗಿದ್ದ ಮಣ್ಣು.

ಕುಡ್ಜು ಕಥೆ ಇನ್ನೂ ಚೆನ್ನಾಗಿದೆ. 1930-40ರ ದಶಕದಲ್ಲಿ ಇದೇ ಇಲಾಖೆ ಕೊರಕಲು ಮುಚ್ಚೋಕೆ ಕುಡ್ಜು ನೆಡಿ ಅಂತ ಎಕರೆಗೆ 8 ಡಾಲರ್ ತನಕ ಕೊಟ್ಟಿತ್ತು. ಈಗ ಅದನ್ನು ಕೀಳೋಕೂ ಅವರ ಹತ್ತಿರವೇ ದುಡ್ಡು ಕೇಳಬಹುದು. ನಿಮಗೆ ಮೇಕೆ ಬೇರೆ ಇದೆ, ಕುಡ್ಜು ಅಂದ್ರೆ ಅವಕ್ಕೆ ಹಬ್ಬದೂಟ.

ಹೊಲದಬದು

ಮಾವ ಹೇಳಿದ್ದು ಸರಿ. ನಮ್ಮ ರಾಜ್ಯದ ದುಡ್ಡಿನ ಬಗ್ಗೆ ಸೇರಿಸ್ತೀನಿ. ಡಿಸ್ಟ್ರಿಕ್ಟ್ ಮೇಜಿನಲ್ಲಿ "ಅಗ್ರಿಕಲ್ಚರ್ ಕಾಸ್ಟ್ ಶೇರ್" ಅಂತ ಕೇಳಿ. ಸಾಮಾನ್ಯವಾಗಿ ಖರ್ಚಿನ 75 ಶೇಕಡ ತನಕ, ಹೊಸ ರೈತರಿಗೆ 90 ಶೇಕಡ ತನಕ. ಹೊಂಡದ ರಿಪೇರಿಗೆ, ಬೋರ್‌ವೆಲ್‌ಗೆ "ಆಗ್‌ರ್ಯಾಪ್" ಅಂತ ಬೇರೆ ಇದೆ, 2011ರಲ್ಲಿ ಶುರುವಾದದ್ದು. ನಿಮ್ಮ ಸೋರೋ ಏರಿಗೆ ಇಕ್ವಿಪ್‌ಗಿಂತ ಇದೇ ಹೊಂದಬಹುದು ಅನ್ಸುತ್ತೆ. ಎರಡರಲ್ಲೂ ಪೈಪೋಟಿ ಇದೆ, ಕೇಳಿದವರಿಗೆಲ್ಲ ಸಿಗಲ್ಲ.

ಮರೆತಿದ್ದೆ. ಕೌಂಟಿ ತೆರಿಗೆ ಆಫೀಸಿನಲ್ಲಿ "ಪ್ರೆಸೆಂಟ್ ಯೂಸ್ ವ್ಯಾಲ್ಯೂ" ವಿಚಾರಿಸಿ. ಬೇಸಾಯದಲ್ಲಿರೋ 10 ಎಕರೆ ಇದ್ದು, ವರ್ಷಕ್ಕೆ ಸರಾಸರಿ 1,000 ಡಾಲರ್ ಹುಟ್ಟುವಳಿ ಇದ್ದರೆ ಜಮೀನಿನ ತೆರಿಗೆ ಬಹಳ ಇಳಿಯುತ್ತೆ. ಹಳೇ ಮಾಲೀಕರಿಗೆ ಅದು ಇತ್ತಾ ಅಂತ ಮೊದಲು ನೋಡಿ. ಇದ್ದಿದ್ದರೆ, ಕೈ ಬದಲಾದ 60 ದಿನದೊಳಗೆ ಮುಂದುವರೆಸೋ ಅರ್ಜಿ ಹಾಕಬೇಕಿತ್ತು. ಹಾಕಿಲ್ಲ ಅಂದ್ರೆ ಹಿಂದಿನ ಮೂರು ವರ್ಷದ ಬಾಕಿ ಬೀಳೋ ಅಪಾಯ ಇದೆ. ತಡವಾಗಿದ್ದರೂ ಹೋಗಿ ಮಾತಾಡಿ.

ಲೆಕ್ಕದ_ಹುಡುಗಿ

ನಾನು ಕೃಷಿ ಸಾಲದ ಕಡೆ ಕೆಲಸ ಮಾಡ್ತೀನಿ (ಎಲ್ಲಿ ಅಂತ ಹೇಳಲ್ಲ). ಸಾಲದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕ್ತೀನಿ.

ಎಫ್‌ಎಸ್‌ಎ ನೇರ ಸಾಲ ಎರಡು ಥರ. ಜಮೀನು ಕೊಳ್ಳೋಕೆ, ಕಟ್ಟಡಕ್ಕೆ ಓನರ್‌ಶಿಪ್ ಲೋನ್, 6,00,000 ಡಾಲರ್ ತನಕ, 40 ವರ್ಷದವರೆಗೆ ತೀರಿಸಬಹುದು. ದನಕರು, ಬೀಜ, ಗೊಬ್ಬರ, ಯಂತ್ರಕ್ಕೆ ಆಪರೇಟಿಂಗ್ ಲೋನ್, 4,00,000 ತನಕ. ಸಣ್ಣದಾಗಿ ಬೇಕಾದರೆ ಮೈಕ್ರೊಲೋನ್, ಪ್ರತಿಯೊಂದು ಥರದಲ್ಲೂ 50,000 ತನಕ. ಅರ್ಜಿ ಮುಂಚೆ 29 ಪುಟ ಇತ್ತು, 2023ರಲ್ಲಿ 13ಕ್ಕೆ ಇಳಿಸಿದರು. ಎಲ್ಲಾ ಕಾಗದ ಸೇರಿದ ಮೇಲೆ 60 ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು.

ಈಗ ಬೇಜಾರಿನ ಮಾತು. ಕೆಂಪುಮಣ್ಣು ಅವರೇ, ನಿಮಗೆ ಬಹುಶಃ ನೇರ ಸಾಲ ಸಿಗಲ್ಲ. "ಬೇರೆ ಎಲ್ಲೂ ನ್ಯಾಯವಾದ ಬಡ್ಡಿಗೆ ಸಾಲ ಹುಟ್ಟಲ್ಲ" ಅಂತ ತೋರಿಸೋದು ಈ ಸಾಲದ ಮೂಲ ಷರತ್ತು. ಇಬ್ಬರದೂ ಸಾಫ್ಟ್‌ವೇರ್ ಸಂಬಳ, ಒಳ್ಳೇ ಕ್ರೆಡಿಟ್ ಸ್ಕೋರ್. ನಿಮ್ಮನ್ನು ನೋಡಿದ ತಕ್ಷಣ "ಬ್ಯಾಂಕಿಗೆ ಹೋಗಿ" ಅಂತಾರೆ. ನಮ್ಮವರು ಎಷ್ಟೋ ಜನ ಇದನ್ನು ತಿಳಿಯದೆ ತಿಂಗಳುಗಟ್ಟಲೆ ಕಾಗದ ಕೂಡಿಸ್ತಾರೆ, ಆಮೇಲೆ ಬಣ್ಣ ನೋಡಿ ಕೊಡಲಿಲ್ಲ ಅಂತ ಬೈತಾರೆ. ಜಮೀನು ಕೊಳ್ಳೋ ನೇರ ಸಾಲಕ್ಕೆ ಜಮೀನು ನಡೆಸಿದ ಅನುಭವ ಬೇರೆ ಬೇಕು, ಸಾಮಾನ್ಯವಾಗಿ ಮೂರು ವರ್ಷದ್ದು.

ನಿಮಗೆ ಹೊಂದೋದು ಫಾರ್ಮ್ ಕ್ರೆಡಿಟ್. 1916ರಿಂದ ಇರೋ ರೈತರ ಸಹಕಾರಿ ವ್ಯವಸ್ಥೆ, ಸಾಲ ತಗೊಂಡವರೇ ಸದಸ್ಯರು. ಯುವ, ಹೊಸ, ಚಿಕ್ಕ ರೈತರಿಗೆ ಅಂತ ಅವರಲ್ಲಿ ಬೇರೆ ಕಾರ್ಯಕ್ರಮ ಇರಲೇಬೇಕು. ಅಲ್ಲೂ ಸಾಲ ಗಟ್ಟಿ ಆಗದಿದ್ದರೆ ಅವರೇ ಎಫ್‌ಎಸ್‌ಎ ಗ್ಯಾರಂಟಿ ಕೇಳ್ತಾರೆ, ಅಂದರೆ ಸಾಲ ಬ್ಯಾಂಕಿನದು, ಜಾಮೀನು ಸರ್ಕಾರದ್ದು.

ಇಕ್ವಿಪ್ ಬಗ್ಗೆಯೂ ಒಂದು ಲೆಕ್ಕ. ಅದು ಸಾಲ ಅಲ್ಲ, ತೀರಿಸಬೇಕಿಲ್ಲ. ಆದರೆ ಕೆಲಸ ಮುಗಿದು, ಅವರು ಬಂದು ಅಳತೆ ನೋಡಿ ಒಪ್ಪಿದ ಮೇಲೆ ದುಡ್ಡು ಬರೋದು. ನಡುವೆ ನಿಮ್ಮ ಕೈಯಿಂದ ಹಾಕಬೇಕು. ನೀವು "ಬಿಗಿನಿಂಗ್ ಫಾರ್ಮರ್", ಅಂದರೆ ಬೇಸಾಯ ಶುರುಮಾಡಿ 10 ವರ್ಷ ದಾಟದವರು. ಅವರಿಗೆ ದರ ಜಾಸ್ತಿ, ಜೊತೆಗೆ ಅರ್ಧದಷ್ಟು ಮುಂಗಡ ಕೇಳಬಹುದು. ಮುಂಗಡವನ್ನು 90 ದಿನದೊಳಗೆ ಖರ್ಚು ಮಾಡಬೇಕು. ಮುಂಚೆ ಏಷ್ಯನ್ನರು ಅನ್ನೋ ಲೆಕ್ಕದಲ್ಲೂ ಇದೇ ಸವಲತ್ತು ಸಿಗೋ ಒಂದು ವರ್ಗ ಇತ್ತು. 2025ರ ಜುಲೈನಲ್ಲಿ ಯುಎಸ್‌ಡಿಎ ಅದನ್ನು ತೆಗೆದಿದೆ. ಹಳೇ ವಿಡಿಯೋ ನೋಡಿ ಅದನ್ನು ಹುಡುಕಬೇಡಿ.

ಬಂದ ದುಡ್ಡಿಗೆ ಜನವರಿಯಲ್ಲಿ 1099-ಜಿ ಅನ್ನೋ ತೆರಿಗೆ ಫಾರಂ ಬರುತ್ತೆ. ಟ್ಯಾಕ್ಸ್ ಮಾಡೋರಿಗೆ ಮುಂಚೆಯೇ ಹೇಳಿಡಿ.

ವೀಸಾಚಿಂತೆ

ಮೇಡಂ, ನಾನು ಎಚ್‌-1ಬಿಯಲ್ಲಿದ್ದೀನಿ. ಜಾರ್ಜಿಯಾದಲ್ಲಿ 14 ಎಕರೆ ನೋಡ್ತಿದ್ದೀನಿ. ನನಗೂ ಈ ಸಾಲ ಎಲ್ಲಾ ಸಿಗುತ್ತಾ?

ಲೆಕ್ಕದ_ಹುಡುಗಿ

ಎಫ್‌ಎಸ್‌ಎ ನೇರ ಸಾಲ ಇಲ್ಲ. ಅದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಥರದ ಕಾಯಂ ವಾಸದ ಹಕ್ಕಿರೋರಿಗೆ.

ಆದರೆ ನಿಮಗೆ ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಬೇಸಾಯದ ಜಮೀನು ಕೊಂಡ ವಿದೇಶಿಯರು 90 ದಿನದೊಳಗೆ ಎಫ್‌ಎಸ್‌ಎಗೆ ತಿಳಿಸಬೇಕು ಅಂತ 1978ರಿಂದ ಕಾನೂನು ಇದೆ, "ಅಫೀಡಾ" ಅಂತಾರೆ. ಫಾರಂ ಎಫ್‌ಎಸ್‌ಎ-153. ಎಚ್‌-1ಬಿಯವರು ಈ ಲೆಕ್ಕದಲ್ಲಿ ವಿದೇಶಿಯರೇ, ಗ್ರೀನ್ ಕಾರ್ಡಿನವರು ಅಲ್ಲ. ಒಟ್ಟು 10 ಎಕರೆ ಮೀರದೆ, ಹುಟ್ಟುವಳಿ 1,000 ಡಾಲರ್ ದಾಟದೆ ಇದ್ದರೆ ಬೇಕಿಲ್ಲ. ನಿಮ್ಮದು 14. ತಿಳಿಸದಿದ್ದರೆ ದಂಡ ಜಮೀನಿನ ಬೆಲೆಯ 25 ಶೇಕಡ ತನಕ ಹೋಗಬಹುದು. ಮಾರೋ ಏಜೆಂಟು ಇದನ್ನು ಹೇಳ್ತಾರೆ ಅಂತ ನಂಬಿ ಕೂರಬೇಡಿ. ಕೆಲವು ರಾಜ್ಯಗಳಲ್ಲಿ ಇದರ ಮೇಲೆ ಅವರದೇ ನಿರ್ಬಂಧಗಳೂ ಇವೆ, ಹಾಗಾಗಿ ಮುಂಗಡ ಕೊಡೋ ಮುಂಚೆ ಜಾರ್ಜಿಯಾದ ಜಮೀನು ವಕೀಲರನ್ನು ಕೇಳಿ. ನೀವೇ ಹೊಲದಲ್ಲಿ ದುಡಿದು ಮಾರಿದರೆ ವೀಸಾಗೆ ಏನಾಗುತ್ತೆ ಅಂತ ಇಮಿಗ್ರೇಷನ್ ವಕೀಲರನ್ನು ಬೇರೆ ಕೇಳಬೇಕು.

ವೀಸಾಚಿಂತೆ

ಅಯ್ಯೋ. ಹೆಸರಿಗೆ ತಕ್ಕ ಹಾಗೆ ಆಯ್ತು ನನ್ನ ಕಥೆ. ಥ್ಯಾಂಕ್ಸ್ ಮೇಡಂ.

ಸುಮ್ನೆ_ಓದುಗ

ಈಗ ತಮಾಷೆ ಬಿಟ್ಟು ಹೇಳ್ತೀನಿ. ನಾನು ಪೆನ್ಸಿಲ್ವೇನಿಯಾದಲ್ಲಿ ಮೂರು ಎಕರೆ ಸೊಪ್ಪು ತರಕಾರಿ ಮಾಡ್ತೀನಿ, ಈ ಯಾವ ಯೋಜನೆಗೂ ಹೋಗಿಲ್ಲ. ಯಾಕಂದ್ರೆ ಅವರ ನಕ್ಷೆ ಪ್ರಕಾರ ಕಟ್ಟಬೇಕು, ಅವರ ಅಳತೆಯ ಕಂಬ, ಅವರ ಅಳತೆಯ ತಂತಿ. ಬೇಲಿಗೆ 20 ವರ್ಷ ಆಯಸ್ಸು ಅಂತ ಬರೆದಿರ್ತಾರೆ, ಅಲ್ಲಿವರೆಗೆ ಅದನ್ನು ನೋಡಿಕೊಳ್ಳೋ ಹೊಣೆ ನಿಮ್ಮದು. ನಡುವೆ ಜಮೀನು ಮಾರಿದರೆ ಕೊಂಡವರು ಒಪ್ಪಂದ ಒಪ್ಪಿಕೊಳ್ಳಬೇಕು, ಇಲ್ಲಾಂದ್ರೆ ದುಡ್ಡು ವಾಪಸ್. ಅವರ ದರ ಅವರ ಪಟ್ಟಿ ಪ್ರಕಾರ, ನಿಮ್ಮ ಬಿಲ್ ಎಷ್ಟಾಯ್ತು ಅಂತ ನೋಡಲ್ಲ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರ ತನಕ ಸರ್ಕಾರವೇ ಬಾಗಿಲು ಹಾಕಿತ್ತು. ಆಗ ಕೆಲಸ ಅರ್ಧ ಮಾಡಿ ದುಡ್ಡಿಗೆ ಕಾಯ್ತಿದ್ದವರ ಗತಿ ನೆನೆಸಿಕೊಳ್ಳಿ. ಚಿಕ್ಕ ಕೆಲಸಕ್ಕೆ ಸ್ವಂತ ದುಡ್ಡೇ ವಾಸಿ.

ಹೊಲದಬದು

ಇದರಲ್ಲಿ ಸುಳ್ಳೇನಿಲ್ಲ. ಒಂದು ರೋಲ್ ಹನಿ ಪೈಪಿಗಾಗಿ ನಾನೂ ಅರ್ಜಿ ಹಾಕಲ್ಲ. ಆದರೆ 22 ಎಕರೆಗೆ ಬೇಲಿ, ಮೇಕೆಗೆ ನೀರಿನ ತೊಟ್ಟಿ, ಪೈಪ್‌ಲೈನ್, ಕೊರಕಲಿಗೆ ಕಲ್ಲಿನ ಕೆಲಸ ಅಂದ್ರೆ ಕೈಯಿಂದ ಹಾಕೋ ಮಾತಲ್ಲ. ಬಿಲ್ ನೋಡಲ್ಲ ಅಂದಿರಲ್ಲ, ಅದು ಎರಡೂ ಕಡೆ ಕೊಯ್ಯುತ್ತೆ. ನಾನು ಕಂಬಗಳನ್ನು ನಾನೇ ನೆಟ್ಟೆ, ಕೂಲಿ ಉಳೀತು. ಪಟ್ಟಿಯ ದರ ಪೂರ್ತಿ ಬಂತು.

ಪ್ಲಾಸ್ಟಿಕ್ ಮನೆ ಬೇಕು ಅಂದವರಿಗೆ: ಅವರ ಕೆಲಸಗಳ ಪಟ್ಟಿಯಲ್ಲಿ ಅದರ ನಂಬರ್ 325, "ಹೈ ಟನಲ್". ನೆಲದಲ್ಲೇ ಬೆಳೀಬೇಕು, ಕುಂಡದಲ್ಲಿ ಮೇಜಿನ ಮೇಲೆ ಇಟ್ಟು ಬೆಳೆಯೋಕಿಲ್ಲ. ಚಾವಣಿಯಿಂದ ಇಳಿಯೋ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳೇ ಕೇಳ್ತಾರೆ, ಉತ್ತರ ಇಟ್ಟುಕೊಂಡಿರಿ.

ಕೆಂಪುಮಣ್ಣು

ಎಲ್ಲರಿಗೂ ವರದಿ ಒಪ್ಪಿಸ್ತಿದ್ದೀನಿ. ಜೆಸಿಬಿ ಬೇಡ ಅಂದೆವು. ತೆರಿಗೆ ಆಫೀಸಿನಲ್ಲಿ ಬದುಕಿಕೊಂಡೆವು, ನಮ್ಮ ಕ್ರಯ ಮಾಡಿಸಿದ ವಕೀಲರು ಆ ಅರ್ಜಿ ಆಗಲೇ ಕೊಟ್ಟಿದ್ದರು.

ಸರ್ವಿಸ್ ಸೆಂಟರ್‌ಗೆ ಕ್ರಯಪತ್ರ ಹಿಡಿದು ಹೋದೆವು. ನಮ್ಮದು ನಿಜಕ್ಕೂ ದೊಡ್ಡ ಜಮೀನಿನ ತುಂಡೇ ಆಗಿತ್ತು. ಎಫ್‌ಎಸ್‌ಎ ಮೇಜಿನ ಹೆಂಗಸು ಪರದೆಯ ಮೇಲೆ ಮೇಲಿಂದ ತೆಗೆದ ಫೋಟೋ ತೆರೆದು, ನಮ್ಮ ಗಡಿ ಎಲ್ಲಿ ಅಂತ ನನ್ನ ಕೈಯಲ್ಲೇ ತೋರಿಸಿದರು. ಬ್ಯಾರನ್ ಅದರಲ್ಲಿ ಒಂದು ಚುಕ್ಕೆ. ರೀಕಾನ್ ಆಗೋಕೆ ಕೆಲವು ವಾರ ಹಿಡೀತು. ಕಾಯೋ ಹೊತ್ತಿನಲ್ಲಿ ಎನ್‌ಆರ್‌ಸಿಎಸ್‌ನ ವೆಬ್ ಸಾಯಿಲ್ ಸರ್ವೆಯಲ್ಲಿ ನಮ್ಮ ಮಣ್ಣು ನೋಡಿದೆ. ಪುಕ್ಕಟೆ, ಜಮೀನಿನ ಸುತ್ತ ಗೆರೆ ಎಳೆದರೆ ಸಾಕು. ಇಳಿಜಾರೆಲ್ಲ ಸೆಸಿಲ್ ಅನ್ನೋ ಮಣ್ಣು, ಪಕ್ಕದಲ್ಲೇ "ಸವೆದಿದೆ" ಅಂತ ಬರೆದಿದೆ.

ಆಮೇಲೆ ಎನ್‌ಆರ್‌ಸಿಎಸ್‌ನಿಂದ ಒಬ್ಬರು, ಡಿಸ್ಟ್ರಿಕ್ಟ್‌ನಿಂದ ಒಬ್ಬರು ಒಟ್ಟಿಗೇ ಬಂದರು. ಬದು ಅಣ್ಣ ಹೇಳಿದ ಹಾಗೆ ಯೋಜನೆ ಹೆಸರೇ ಎತ್ತಲಿಲ್ಲ, ಸುಮ್ನೆ ಸುತ್ತಾಡಿಸಿದೆವು. ಡಿಸ್ಟ್ರಿಕ್ಟ್‌ನವರು ಕೊರಕಲಿನ ತಳಕ್ಕೆ ಇಳೀಲೇ ಇಲ್ಲ! ಮೇಲಕ್ಕೆ ಹತ್ತಿ ರಸ್ತೆ ಕಡೆ ನಡೆದರು. ರಸ್ತೆ ಕೆಳಗಿನ ಮೋರಿ ನೀರು ನೇರ ನಮ್ಮ ಹೊಲಕ್ಕೆ ಬಂದು ಬೀಳ್ತಿತ್ತು. ಅಲ್ಲಿ ನೀರಿನ ರಭಸ ಮುರಿಯದೆ ಕೆಳಗೆ ಎಷ್ಟು ಕಲ್ಲು ತುಂಬಿದರೂ ದಂಡ ಅಂದರು. ಇದು ನಮಗೆ ಹೊಳೆದೇ ಇರಲಿಲ್ಲ. ಎನ್‌ಆರ್‌ಸಿಎಸ್‌ನವರು ಒಂದು ಕಬ್ಬಿಣದ ಬೈರಿಗೆ ಇಳಿಸಿ ಜವುಗಿನ ಮಣ್ಣು ತೆಗೆದು ತೋರಿಸಿದರು. ಬೂದಿ ಬಣ್ಣ, ನಡುನಡುವೆ ತುಕ್ಕಿನಂಥ ಕಲೆ. ವರ್ಷದಲ್ಲಿ ಬಹಳ ದಿನ ನೀರು ನಿಲ್ಲೋ ಮಣ್ಣಿನ ಗುರುತಂತೆ.

ಈಗ ಸಿಪಿಎ-1200 ಅರ್ಜಿಗೆ ಸಹಿ ಹಾಕಿದ್ದೇವೆ. ಬೇಲಿ, ನೀರಿನ ತೊಟ್ಟಿ, ಹೈ ಟನಲ್, ಮಣ್ಣು ಕಾಯೋ ಹೊದಿಕೆ ಬೆಳೆ ಇಕ್ವಿಪ್‌ನಲ್ಲಿ. ಕೊರಕಲು ರಾಜ್ಯದ ಕಾಸ್ಟ್ ಶೇರ್‌ನಲ್ಲಿ. ಹೊಂಡಕ್ಕೆ ಎಂಜಿನಿಯರ್ ಬಂದು ನೋಡಬೇಕಂತೆ. ಸಾಲ ಸದ್ಯಕ್ಕೆ ಬೇಡ ಅಂತ ಮನೆಯಲ್ಲಿ ತೀರ್ಮಾನ, ಲೆಕ್ಕದ ಹುಡುಗಿಯವರ ಮಾತು ಕೇಳಿ ಯಜಮಾನರ ಉತ್ಸಾಹ ಇಳೀತು :)

ಹೊದಿಕೆ ಬೆಳೆಗೆ ಚಳಿಗಾಲಕ್ಕೆ ರೈ ಮತ್ತು ಕ್ರಿಮ್ಸನ್ ಕ್ಲೋವರ್, ಬೇಸಿಗೆಗೆ "ಸನ್ ಹೆಂಪ್" ಅಂದರು. ಅದೇನದು?

ಅರಸೀಕೆರೆ_ಅಕ್ಕ

ಫೋಟೋ ಹುಡುಕಿ ನೋಡಮ್ಮ, ಗುರುತು ಹಿಡೀತೀಯ. ಹಳದಿ ಹೂವಿನ ನಮ್ಮ ಸೆಣಬು ಅದು. ನಮ್ಮಲ್ಲಿ ಹಸಿರೆಲೆ ಗೊಬ್ಬರಕ್ಕೆ ಹಾಕ್ತೀವಿ. ಹೂವು ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿಬಿಡು. ತಡ ಮಾಡಿದರೆ ಕಡ್ಡಿ ನಾರಾಗಿ ನೇಗಿಲಿಗೆ ಸುತ್ತಿಕೊಳ್ಳುತ್ತೆ. ಬೀಜ ಕಟ್ಟಿದ ಮೇಲೆ ಮೇಕೆಗೆ ಹಾಕಬೇಡ.

ಮಿಸೌರಿ_ಮಾವ

ಅಕ್ಕ ಹೇಳಿದ ಮೇಲೆ ಮುಗೀತು. ಆದರೆ ಒಪ್ಪಂದದಲ್ಲಿ ಹೊದಿಕೆ ಬೆಳೆ 340 ಅಂತ ಬಂದರೆ ಯಾವ ತಾರೀಖಿಗೆ ಬಿತ್ತಬೇಕು, ಎಕರೆಗೆ ಎಷ್ಟು ಬೀಜ, ಹೇಗೆ ಕೊನೆಗಾಣಿಸಬೇಕು ಅಂತ ಬರೆದಿರುತ್ತೆ. ಉಳುವ ಮುಂಚೆ ಅದನ್ನು ನೋಡಿಕೊಳ್ಳಿ. ಬೀಜದ ಚೀಲದ ಲೇಬಲ್ ಎಸೀಬೇಡಿ, ಅದನ್ನೂ ಕೇಳ್ತಾರೆ.

ಕೆಂಪುಮಣ್ಣು

ಸರಿ ಅಕ್ಕಾ, ಸರಿ ಮಾವ. ಕೊನೇ ಪ್ರಶ್ನೆ. ಅರ್ಜಿ ಕೊಟ್ಟಾಯ್ತು, ಈಗ ಬರೀ ಕಾಯೋದಾ? ಸಿಗದಿದ್ದರೆ ಏನು ಮಾಡೋದು?

ಹೊಲದಬದು

ಅರ್ಜಿ ವರ್ಷಪೂರ್ತಿ ತಗೋತಾರೆ, ಆದರೆ ಒಂದು ಕಟ್ ಆಫ್ ದಿನ ಇಟ್ಟಿರ್ತಾರೆ. ಆ ದಿನದೊಳಗೆ ಬಂದ ಅರ್ಜಿಗಳಿಗೆಲ್ಲ ಅಂಕ ಹಾಕಿ ಮೇಲಿಂದ ದುಡ್ಡು ಇರೋ ತನಕ ಕೊಡ್ತಾರೆ. ಹಾಗಾಗಿ ಎರಡು ಕೇಳಿ: ಈ ವರ್ಷದ ಕಟ್ ಆಫ್ ಯಾವಾಗ, ಅಂಕ ಹಾಕೋಕೆ ನಮ್ಮ ಕಡೆಯಿಂದ ಇನ್ನೇನು ಕಾಗದ ಬಾಕಿ ಇದೆ. ಎಫ್‌ಎಸ್‌ಎ ಮೇಜಿನ ಒಂದು ಸಹಿ ಬಾಕಿ ಇದ್ದದ್ದಕ್ಕೇ ಹೊರಗುಳಿದವರು ಬೇಕಾದಷ್ಟಿದ್ದಾರೆ. ಪ್ರತಿ ಸಲ ಹೋದಾಗಲೂ "ರಿಸೀಟ್ ಫಾರ್ ಸರ್ವಿಸ್" ಕೇಳಿ ಇಸ್ಕೊಳ್ಳಿ. ಯಾವತ್ತು ಬಂದಿರಿ, ಏನು ಕೇಳಿದಿರಿ, ಅವರು ಏನು ಹೇಳಿದರು ಅಂತ ಅದರಲ್ಲಿ ಇರುತ್ತೆ.

ಈ ವರ್ಷ ಅಂಕ ಸಾಲದಿದ್ದರೆ ಅರ್ಜಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಅಂತ ಹೇಳಿ, ಜೊತೆಗೆ ಯಾವುದರಲ್ಲಿ ಅಂಕ ಕಡಿಮೆ ಬಿತ್ತು ಅಂತ ತೋರಿಸೋಕೆ ಕೇಳಿ. ನೀವು ಅರ್ಹರೇ ಅಲ್ಲ ಅಂತ ಕಾಗದ ಬಂದರೆ ಮಾತು ಬೇರೆ. ಅದರ ವಿರುದ್ಧ ನ್ಯಾಷನಲ್ ಅಪೀಲ್ಸ್ ಡಿವಿಷನ್‌ಗೆ ಹೋಗಬಹುದು, ಗಡುವು 30 ದಿನ. ಕಾಗದ ಕೈಗೆ ಸಿಕ್ಕ ದಿನದಿಂದ ಎಣಿಸಿಕೊಳ್ಳಿ. ದಾರಿ ತೋಚದಿದ್ದರೆ ಪಿಟ್ಸ್‌ಬರೋದಲ್ಲಿ ರಾಫಿ ಅನ್ನೋ ಸಂಸ್ಥೆ ಇದೆ, ಸಾಲ ಮತ್ತು ಸರ್ಕಾರಿ ಕಾಗದದಲ್ಲಿ ಸಿಕ್ಕಿಬಿದ್ದ ರೈತರ ಪರವಾಗಿ ಕೆಲಸ ಮಾಡ್ತಾರೆ.

ಆಮೇಲೆ, ಫಾರ್ಮ್ ನಂಬರ್ ಆಯ್ತಲ್ಲ, ಎಫ್‌ಎಸ್‌ಎ ಕೌಂಟಿ ಕಮಿಟಿ ಚುನಾವಣೆಯಲ್ಲಿ ಓಟು ಹಾಕಬಹುದಾ ಅಂತಲೂ ಕೇಳಿ. ಆ ಕಮಿಟಿಯಲ್ಲಿರೋರೆಲ್ಲ ರೈತರು, ರೈತರೇ ಆರಿಸೋದು. ಶರತ್ಕಾಲದಲ್ಲಿ ಬ್ಯಾಲಟ್ ಅಂಚೆಯಲ್ಲಿ ಬರುತ್ತೆ. ಜಾಹೀರಾತಿನ ಕಾಗದ ಅಂತ ಕಸಕ್ಕೆ ಹಾಕಬೇಡಿ.

ಸುಮ್ನೆ_ಓದುಗ

ಮೋರಿ ವಿಷಯ ಓದಿ ನಾನೂ ನಮ್ಮ ಡಿಸ್ಟ್ರಿಕ್ಟ್‌ನವರಿಗೆ ಫೋನ್ ಮಾಡಿದೆ. ಗುರುವಾರ ಬರ್ತಾರಂತೆ. ದುಡ್ಡು ಕೇಳಲ್ಲ, ಬರೀ ನೋಡಿ ಹೋಗಲಿ ಅಂತ.